ಹಚ್ಚಬಾರದ ಟ್ಯೂಬ್‌ಲೈಟುಗಳು

ದೇವರಿರುವ ಜಾಗಕ್ಕೆ ಮೀಟರ್ ಓದಲು ಹೋಗಿ, ಬರೀ ಯೂನಿಟ್ ಬರೆದುಕೊಂಡು ಸುಮ್ಮನೆ ವಾಪಸ್ ಬಂದ ದಿನ ನನ್ನ ಇಡೀ ಸರ್ವಿಸಿನಲ್ಲಿ ಒಂದೂ ಇಲ್ಲ. ಮನೆ, ಅಂಗಡಿ, ಹಿಟ್ಟಿನ ಗಿರಣಿ, ಇಲ್ಲೆಲ್ಲ ಎರಡು ನಿಮಿಷದ ಕೆಲಸ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಕಡೆ ಮಾತ್ರ ಒಂದು ಗಂಟೆ ಹಿಡಿಯುತ್ತಿತ್ತು. ಮೊದಲು ಪ್ರಸಾದ, ಆಮೇಲೆ ತಕರಾರು. "ದೇವ್ರು ಕರೆಂಟ್ ತಿಂತಾನಾ ಸ್ವಾಮಿ, ಇಷ್ಟೊಂದು ಬಿಲ್ಲು ಯಾಕ್ ಬತ್ತದೆ?" ಎಂದು ಕೇಳದ ಪೂಜಾರಿಯನ್ನು ನಾನು ಕಂಡಿಲ್ಲ.

ನಾನು ಚನ್ನಪಟ್ಟಣದವನು. ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದೆ. ಬಿಲ್ಲನ್ನು ಇನ್ನೂ ಕೈಯಲ್ಲಿ ಬರೆಯುತ್ತಿದ್ದ ಕಾಲ ಅದು. ಈಗ ಹೇಳುವ ವರ್ಷದಲ್ಲಿ ನನ್ನನ್ನು ಬದಲಿ ರೀಡರ್ ಮಾಡಿದ್ದರು. ಅಂದರೆ ಯಾರು ರಜಾ ಹಾಕಿದರೋ ಅವರ ಊರಿಗೆ ನಾನು. ಈ ವಾರ ಮಾಗಡಿ, ಬರುವ ವಾರ ರಾಮನಗರ, ಅದರಾಚೆ ಕನಕಪುರ. ಅವ್ವ ನನ್ನನ್ನು ಊರಾಡಿ ಬಸವ ಅನ್ನುತ್ತಿದ್ದಳು. ಆ ತಿರುಗಾಟ ಕೊನೆಗೆ ಅವ್ವನ ಕೆಲಸಕ್ಕೇ ಬಂತು.

ಅವ್ವನ ಕೇಳಿಕೆ

ನಮ್ಮ ಬೀದಿಯ ಕೊನೆಗೆ ಒಂದು ರಾಮಮಂದಿರ. ಮಂದಿರ ಅಂದರೆ ದೊಡ್ಡದೇನಲ್ಲ, ಒಂದು ಹಜಾರ, ಎದುರಿಗೆ ರಾಮದೇವರ ಪಟ. ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಅಲ್ಲಿ ಅವ್ವ ಮತ್ತು ಅವಳ ಓರಗೆಯ ಆರು ಹೆಂಗಸರು ಭಜನೆ ಮಾಡುತ್ತಿದ್ದರು. ಅವ್ವನ ತವರು ಅಕ್ಕೂರು ಕಡೆ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವಳು, ಒಂದು ನಿಮಿಷ ಸುಮ್ಮನೆ ಕೂತವಳಲ್ಲ. ಅಪ್ಪ ತೀರಿಕೊಂಡ ಮೇಲೆ ಅದೇ ಅವ್ವ ಸುಮ್ಮನಾಗಿಬಿಟ್ಟಳು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಸಂಜೆಯ ಆ ಎರಡು ಗಂಟೆ ಮಾತ್ರ ಅವಳ ದನಿ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಆ ದನಿ ಕೇಳಿದರೆ ನನಗೆ ಸಮಾಧಾನ.

ಒಂದು ದಿನ ಮಂದಿರದ ಅಧ್ಯಕ್ಷರು ಸಭೆ ಕರೆದರು. ಅವರದು ಮರದ ಗೊಂಬೆ ಮಾಡುವ ಕಾರ್ಖಾನೆ. ಕೆಟ್ಟವರಲ್ಲ, ಆದರೆ ಸ್ವಿಚ್ ಕಂಡರೆ ಆರಿಸದೆ ಬಿಡದ ಮನುಷ್ಯ. "ಕರೆಂಟ್ ಬಿಲ್ ಅರ್ಧಕ್ಕೆ ಇಳೀಬೇಕು. ರಾಮನವಮಿವರ್ಗೂ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಸಾಯಂಕಾಲ ಮಂಗಳಾರತಿ ಆಗ್ತಿದ್ದಂಗೇ ಬೀಗ. ಭಜನೆ ಮನೇಲಿ ಮಾಡ್ಕಳಿ" ಅಂದರು.

ಅವ್ವ ಬಂದು ಮುದ್ದೆಯ ತಟ್ಟೆಯ ಮುಂದೆ ಕೂತಳು, ಕೈ ಹಾಕಲಿಲ್ಲ.

"ಲೇ ಮಗ, ನೀನು ಊರೋರ ಮೀಟರೆಲ್ಲ ಓದ್ತೀಯ. ನಮ್ ರಾಮಂದು ಒಂದನ್ನ ಇಳ್ಸಕ್ಕಾಗಕಿಲ್ವಾ?"

"ಅವ್ವ, ನಾನು ಬರ್ಕೊಳೋನು. ಇಳ್ಸೋದು ನನ್ ಕೆಲಸ ಅಲ್ಲ."

"ಹನ್ನೆರಡು ವರ್ಷದಿಂದ ಗೋಡೆಗೋಡೆ ನೋಡ್ಕಂಡು ಬತ್ತಿದ್ದೀಯ. ಏನ್ಲಾ ಕಲ್ತೆ ಮತ್ತೆ?"

ಎಸ್ಸೆಸ್ಸೆಲ್ಸಿಯಲ್ಲಿ ನಾನು ಎರಡನೇ ಸಲ ಫೇಲಾದಾಗ ಅಪ್ಪ ಕೇಳಿದ್ದೂ ಇದನ್ನೇ. ಸರಿ, ಹೋದ ಊರಲ್ಲೆಲ್ಲ ದೇವರ ಬಿಲ್ಲು ಹೇಗೆ ಇಳಿಸುತ್ತಾರೆ ಕೇಳಿಕೊಂಡು ಬರುತ್ತೇನೆ ಅಂದೆ. ಅವ್ವ ತಟ್ಟೆ ಹತ್ತಿರ ಎಳೆದುಕೊಂಡಳು.

ಮೀಟರಿಗೆ ಮಂಗಳಾರತಿ

ಮೊದಲು ಸಿಕ್ಕಿದ್ದು ಮಾಗಡಿ ಡ್ಯೂಟಿ. ರೈಲಿಲ್ಲದ ಊರು, ಬಸ್ಸಿನಲ್ಲಿ ನಿಂತು ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ತೆಂಗಿನ ತೋಟದ ಪಕ್ಕದ ಒಂದು ಹನುಮಂತರಾಯನ ಗುಡಿಗೆ ಹೋದೆ. ಗುಡಿಯ ಪೂಜಾರಿಗೆ ಎಪ್ಪತ್ತು ದಾಟಿರಬೇಕು. ಮೀಟರ್ ಎಲ್ಲಿ ಅಂದರೆ, "ಬನ್ನಿ ಸ್ವಾಮಿ, ದರ್ಶನ ಮಾಡಿಸ್ತೀನಿ" ಅಂದರು.

ದರ್ಶನವೇ ಅದು. ಮೀಟರಿನ ಗಾಜಿಗೆ ಅರಿಶಿನ, ಅದರ ಮೇಲೆ ಅಂಗೈಯಗಲ ಕುಂಕುಮ, ಮೇಲಿಂದ ಕಣಗಿಲೆ ಹಾರ. ಅಂಕಿ ಒಂದೂ ಕಾಣದು.

"ಇದೇನ್ ಪೂಜಾರ್ರೆ?"

"ಒಳಗೆ ಒಂದು ಚಕ್ರ ತಿರುಗ್ತಾ ಐತಲ್ಲ. ತಿರುಗೋ ಚಕ್ರ ಯಾರ ಕೈಲಿರ್ತದೆ ನೀವೇ ಯೋಳಿ. ದಿನಾ ಎರಡೊತ್ತೂ ನೋಡ್ತಾ ಪೂಜೆ ಮಾಡ್ದೆ ಹೆಂಗ್ ಬುಡದು?"

"ಏನಂತ ಬೇಡ್ಕೋತೀರಿ?"

"ಒಸಿ ನಿಧಾನಕ್ಕೆ ತಿರುಗಪ್ಪ, ನಂಗೂ ವಯಸ್ಸಾಯ್ತು ಅಂತ."

ಅಂಕಿ ಓದಬೇಕಲ್ಲ, ಒರೆಸಲಾ ಅಂದೆ. ಅವರು ಬಿಡಲಿಲ್ಲ. ತಾವೇ ಕೈಕಾಲು ತೊಳೆದು ಬಂದು, ಹಳೇ ಹೂವು ತೆಗೆದು, ಮಡಿಬಟ್ಟೆಯಲ್ಲಿ ಒರೆಸಿದರು. ಹೊಸ ಅಂಕಿ ನೋಡಿ ನಾನು ನನ್ನ ಪುಸ್ತಕವನ್ನು ಎರಡು ಸಲ ತಿರುಗಿಸಿದೆ. ಈ ತಿಂಗಳ ಯೂನಿಟ್ ಹಿಂದಿನ ತಿಂಗಳ ಅರ್ಧವೂ ಇರಲಿಲ್ಲ. ವೈರು ನೋಡಿದೆ, ಸೀಲು ನೋಡಿದೆ, ಎಲ್ಲಾ ಸರಿಯಾಗಿತ್ತು. ಒಂದು ಕ್ಷಣ ನನಗೂ ಭಕ್ತಿ ಬಂತು.

"ಪೂಜೆ ಯಾವಾಗ ಮಾಡ್ತೀರಿ?"

"ಹೋದ ತಿಂಗ್ಳಿಂದ ಶುರು ಮಾಡಿದ್ದು, ಸಾಯಂಕಾಲ ಆರು ಗಂಟೆಗೆ. ತೀರ್ಥ ಚಿಮುಕಿಸ್ತೀನಲ್ಲ, ಶಾಕ್ ಗೀಕ್ ಹೊಡೆದಾತು ಅಂತ ಮೊದ್ಲು ಮೇನ್ ಆಫ್ ಮಾಡ್ಬುಡ್ತೀನಿ."

"ಮತ್ತೆ ಆನ್ ಮಾಡೋದು?"

"ನೀರು ಆರ್ಬೇಕಲ್ಲ ಸ್ವಾಮಿ. ಬೆಳಿಗ್ಗೆ ಬಂದು ಮಾಡ್ತೀನಿ."

ಆ ನಂಬಿಕೆಗೆ ಕೈ ಹಚ್ಚುವ ಮನಸ್ಸು ಬರಲಿಲ್ಲ. ಹೀಗೇ ಮುಂದುವರಿಸಿ ಅಂತ ಹೇಳಿ ಕೈಮುಗಿದು ಬಂದೆ. ಮನೆಯಲ್ಲಿ ಅವ್ವನಿಗೆ ನಗುತ್ತಾ ಹೇಳಿದರೆ ಅವಳು ನಗಲೇ ಇಲ್ಲ. ಮರುದಿನ ನಮ್ಮ ಮಂದಿರದ ಮೀಟರಿನ ನೆತ್ತಿಯ ಮೇಲೆ ಎರಡು ಮೊಳ ಸೇವಂತಿಗೆ ಇತ್ತು.

ಮುಂದಿನ ಸಾಲಿನ ಗಾಳಿ

ಮುಂದಿನ ಡ್ಯೂಟಿ ರಾಮನಗರ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ಆಚೆ ಒಂದು ಮಸೀದಿ. ಅದರ ಮುತವಲ್ಲಿ, ಅಂದರೆ ಉಸ್ತುವಾರಿ ನೋಡುವ ಹಿರಿಯರು, ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬಿನವರು. ಕೈ ಬೆರಳೆಲ್ಲ ಬಿಸಿನೀರಿಗೆ ಬೆಂದು ಸುಕ್ಕಾಗಿದ್ದವು. ಅಲ್ಲೂ ಯೂನಿಟ್ ಇಳಿದಿತ್ತು.

"ಹೆಂಗ್ ಇಳಿಸಿದ್ರಿ ಸಾಬ್?" ಅಂದೆ.

"ನಾಕು ಸಾಲು ಫ್ಯಾನ್ ಇತ್ತು. ಹಿಂದಿನ ಮೂರು ಸಾಲಿನ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡೆ. ಗಾಳಿ ಮುಂದಿನ ಸಾಲಿಗೆ ಮಾತ್ರ."

ಬಂಡೆಗಳ ನಡುವಿನ ಊರು ರಾಮನಗರ, ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಜನ ಜಗಳ ಮಾಡಲಿಲ್ಲವಾ ಅಂದೆ. ಪಕ್ಕದಲ್ಲಿ ಕೂತಿದ್ದ ಇಮಾಮರು ಗಡ್ಡ ನೀವಿಕೊಂಡು ಹೇಳಿದರು: "ಹದಿನೈದು ವರ್ಷದಿಂದ ನಾನು ಹೇಳ್ತಾ ಇದ್ದೀನಿ, ನಮಾಜಿಗೆ ಟೈಮಿಗೆ ಸರಿಯಾಗಿ ಬನ್ನಿ, ಮುಂದಿನ ಸಾಲು ಹಿಡೀರಿ ಅಂತ. ಯಾರೂ ಕೇಳ್ಲಿಲ್ಲ. ಇವರು ಮೂರು ಫ್ಯೂಸ್ ಕಿತ್ತರು ನೋಡಿ, ಈಗ ನನಗಿಂತ ಮೊದಲೇ ಬಂದು ಕೂತಿರ್ತಾರೆ."

"ನೀವು ಎಲ್ಲಿ ನಿಂತ್ಕೋತೀರಿ?" ಅಂತ ಮುತವಲ್ಲಿಯನ್ನು ಕೇಳಿದೆ.

"ಕೊನೇ ಸಾಲಲ್ಲಿ. ಫ್ಯೂಸ್ ಕಿತ್ತವನು ಗಾಳಿ ತಗೋಬಾರದು ಸಾರ್, ಸರಿಯಲ್ಲ."

ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಅದೇ ಧೈರ್ಯದಲ್ಲಿ ನಮ್ಮ ಮಂದಿರದ ಎರಡು ಫ್ಯಾನು ನಿಲ್ಲಿಸೋಣ ಅಂದುಕೊಂಡೆ. ಆದರೆ ಅವನ್ನು ಕೊಟ್ಟವರು ಕೊಬ್ಬರಿ ಮಂಡಿಯ ಮೂವರು ಅಣ್ಣತಮ್ಮಂದಿರು. ಒಂದೊಂದು ರೆಕ್ಕೆಯ ಮೇಲೂ ಒಬ್ಬೊಬ್ಬರ ಹೆಸರು ಬರೆಸಿದ್ದರು. ಕೊಟ್ಟವರನ್ನು ಕೇಳದೆ ಹೇಗೆ ನಿಲ್ಲಿಸುವುದು? ಅಳುಕುತ್ತಲೇ ಮಂಡಿಗೆ ಹೋಗಿ ವಿಷಯ ಹೇಳಿದೆ.

ದೊಡ್ಡಣ್ಣ ಗದ್ದಿಗೆಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಪುಣ್ಯಾತ್ಮ, ಆ ಫ್ಯಾನ್ ಹಾಕ್ಸಿದ್ದಾಗ್ನಿಂದ ಒಬ್ಬ ನನ್ಮಗನೂ ನಮ್ಮ ಹೆಸರು ಓದಿಲ್ಲ. ತಿರುಗ್ತಾ ಇದ್ರೆ ಹೆಂಗ್ ಓದ್ತಾರೆ? ನಿಲ್ಸು, ಇವತ್ತೇ ನಿಲ್ಸು."

ಫಾದರ್ ಗಂಟಲು

ಕನಕಪುರದಿಂದ ಆಚೆ ಒಂದು ಊರಲ್ಲಿ ಚರ್ಚಿದೆ. ಊರಿನವರೆಲ್ಲ ರಾಗಿ ಬೆಳೆಯುವ ಜನ. ಅಲ್ಲಿ ಪಾಠ ಕಲಿಯಲು ಹೋದ ನಾನು ಪಾಠ ಹೇಳಿ ಬಂದೆ. ಬಿಲ್ಲು ಕೈಗೆ ಕೊಟ್ಟಾಗ ಫಾದರ್ ಮುಖ ಸಣ್ಣದು ಮಾಡಿಕೊಂಡು, "ಇಳಿಸೋಕೆ ಏನಾದರೂ ದಾರಿ ಇದೆಯೇನಪ್ಪ?" ಅಂದರು. ಸುತ್ತ ನೋಡಿದೆ. ಮೂಲೆಯಲ್ಲಿ ಮೈಕಿನ ಹಳೇ ಪೆಟ್ಟಿಗೆ, ವಾರವಿಡೀ ಯಾರೂ ಆರಿಸದೆ ಬಿಸಿಯಾಗಿ ಗುಂಯ್ ಅನ್ನುತ್ತಿತ್ತು. ಅದರ ಮೇಲೆ ಬೆಕ್ಕೊಂದು ಮಲಗಿತ್ತು. "ಇದನ್ನು ತೆಗೆದಿಡಿ ಫಾದರ್, ನಿಮ್ಮ ದನಿ ಚೆನ್ನಾಗಿದೆ" ಅಂದೆ.

ಮುಂದಿನ ತಿಂಗಳು ಹೋದಾಗ ಯೂನಿಟ್ ಅಷ್ಟೇನೂ ಇಳಿದಿರಲಿಲ್ಲ. ಬೈಸಿಕೊಳ್ಳಬೇಕಲ್ಲ ಅಂತ ಹೆದರಿಕೊಂಡೇ ನಿಂತಿದ್ದರೆ ಊರಿನ ನಾಲ್ಕು ಜನ ಹಿರಿಯರು ಬಂದರು. ಒಬ್ಬರ ಹೆಗಲ ಮೇಲೆ ಹುರುಳಿಕಾಳಿನ ಚೀಲ. ಅದು ನನಗಂತೆ.

"ಯಾಕ್ರಪ್ಪ ಇದು?"

"ಇರ್ಲಿ ತಕಳಿ ಸಾರ್. ಮೊದ್ಲು ಭಾನುವಾರದ ಉಪದೇಶ ಒಂದು ಗಂಟೆ ಇರ್ತಿತ್ತು. ಈಗ ಮೈಕಿಲ್ವಲ್ಲ, ಕಾಲು ಗಂಟೆಗೇ ಸಾಮಿಗಳ ಗಂಟ್ಲು ಕಟ್ಕತದೆ. ಹತ್ತು ಗಂಟೆಗೆಲ್ಲ ಹೊಲದಲ್ಲಿರ್ತೀವಿ. ಆ ಪೆಟ್ಟಿಗೆ ಮತ್ತೆ ಬರದಂಗೆ ನೀವೇ ನೋಡ್ಕಬೇಕು."

ಪಾಪ, ಫಾದರ್‌ಗೆ ಅನ್ಯಾಯ ಮಾಡಿದೆನಲ್ಲ ಅನ್ನಿಸಿತು. ಬಸ್ ಹತ್ತುವ ಮೊದಲು ಕ್ಷಮೆ ಕೇಳಲು ಹೋದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಕ್ಷಮೆ ಗಿಮೆ ಏನೂ ಬೇಡ. ಇಷ್ಟು ವರ್ಷ ಅವರು ಆಸೆಯಿಂದ ಕೇಳ್ತಾರೆ ಅಂತ ನಾನು ಹೇಳ್ತಿದ್ದೆ. ನಾನು ಬೇಜಾರು ಮಾಡ್ಕೋತೀನಿ ಅಂತ ಅವರು ಕೂತಿರ್ತಿದ್ರು."

ಕತ್ತಲಲ್ಲಿ ನಿಂತ ಹೆಸರು

ನಮ್ಮ ಮಂದಿರದಲ್ಲೂ ಮೈಕ್ ತೆಗೆಸಿದೆ. ಅವ್ವನ ದನಿಗೆ ಮೈಕಿನ ಅಗತ್ಯ ಮೊದಲೇ ಇರಲಿಲ್ಲ. ಫ್ಯಾನು ನಿಂತಿತ್ತು, ಮೀಟರಿಗೆ ಹೂವು ಬಿದ್ದಿತ್ತು. ಆದರೂ ಬಿಲ್ಲು ಸ್ವಲ್ಪ ಇಳಿದು ನಿಂತುಬಿಟ್ಟಿತು. ರಾಮನವಮಿಗೆ ಇನ್ನು ಒಂದೂವರೆ ತಿಂಗಳು. ಅರ್ಧಕ್ಕೆ ಇಳಿಯಬೇಕಾದರೆ ಕೈ ಹಾಕಬೇಕಾದದ್ದು ಟ್ಯೂಬ್‌ಲೈಟುಗಳಿಗೆ.

ಎರಡು ಟ್ಯೂಬು ಸಾಕಾಗುವ ಹಜಾರದಲ್ಲಿ ಹನ್ನೊಂದು ಟ್ಯೂಬಿದ್ದವು. ಬೆಳಕು ಬೇಕು ಅಂತ ಯಾರೂ ಹಾಕಿದ್ದಲ್ಲ. ಮನೆಯಲ್ಲಿ ಯಾರಾದರೂ ಹೋದರೆ, ಮಗಳ ಮದುವೆ ಗೊತ್ತಾದರೆ, ಕೋರ್ಟಿನಲ್ಲಿ ಕೇಸು ಗೆದ್ದರೆ, ಮಂದಿರಕ್ಕೆ ಒಂದು ಟ್ಯೂಬ್‌ಲೈಟ್. ಗಾಜಿನ ಮೇಲೆ ಈ ತುದಿಯಿಂದ ಆ ತುದಿವರೆಗೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು. ಹೆಸರು ದೊಡ್ಡದಾದಷ್ಟೂ ಬೆಳಕು ಆಚೆ ಬರುವುದು ಕಮ್ಮಿ. ಆ ಕತ್ತಲೆಗೆ ಇನ್ನೊಬ್ಬರು ಇನ್ನೊಂದು ಟ್ಯೂಬು ಕೊಡುತ್ತಿದ್ದರು.

ಒಂದು ಸಂಜೆ ಧೈರ್ಯ ಮಾಡಿ ಬಾಗಿಲ ಬಳಿಯ ಒಂದೇ ಒಂದನ್ನು ಆರಿಸಿದೆ. ಅದು ಕಿರಾಣಿ ಅಂಗಡಿಯವರದು, ತೀರಿಕೊಂಡ ತಂದೆಯ ಹೆಸರಲ್ಲಿ ಕೊಟ್ಟದ್ದು. ಐದು ನಿಮಿಷವಾಗಿಲ್ಲ, ಅಂಗಡಿಯವರು ತಕ್ಕಡಿ ಅಲ್ಲೇ ಬಿಟ್ಟು ಓಡಿ ಬಂದರು. ಗಿರಾಕಿಯೊಬ್ಬ ಸುದ್ದಿ ಮುಟ್ಟಿಸಿದ್ದನಂತೆ.

"ಏನಪ್ಪಾ, ನಮ್ಮಪ್ಪ ನಿಂಗೇನ್ ಮಾಡಿದ್ರು?"

"ಏನೂ ಮಾಡಿಲ್ಲ ಯಜಮಾನ್ರೆ. ಬಿಲ್ ಇಳೀಲಿ ಅಂತ..."

"ಬದುಕಿದ್ದಾಗ ಕತ್ಲು ಅಂದ್ರೆ ಎದ್ರೋರು ಅವ್ರು. ಈಗ ಹೆಸ್ರು ಕತ್ತಲಲ್ಲಿ ನಿಂತದಲ್ಲಪ್ಪ."

ಅವರ ಕಣ್ಣಲ್ಲಿ ನೀರಿತ್ತು. ನಾನು ಸ್ವಿಚ್ ಹಾಕಿದೆ. ಇನ್ನೊಂದನ್ನು ಆರಿಸಿದೆ, ಅದರವರು ಮಗಳ ಬಸುರಿನ ಮಾತೆತ್ತಿದರು. ಮೂರನೆಯದಕ್ಕೆ ಕೈ ಚಾಚುವಷ್ಟರಲ್ಲೇ ಬೀದಿಯಲ್ಲಿ ಮೂರು ಮನೆಯ ಬಾಗಿಲು ತೆರೆಯಿತು. ಹನ್ನೊಂದು ಟ್ಯೂಬಿಗೆ ಹನ್ನೊಂದು ಕಾವಲು. ನನಗೆ ಬುದ್ಧಿ ಮಂಕಾಗಿ ಹೋಯಿತು. ಕೊನೆಗೆ ಅಧ್ಯಕ್ಷರ ಹತ್ತಿರ ಹೋಗಿ, "ನೀವೇ ಮೊದಲು ನಿಮ್ಮ ಟ್ಯೂಬ್ ಆರ್ಸಿ ದಾರಿ ತೋರ್ಸಿ" ಅಂದೆ.

"ಆರ್ಸಬೋದಾಗಿತ್ತು ಕಣಪ್ಪ" ಅಂದರು ಅಧ್ಯಕ್ಷರು, "ನಂದು ಒಂದು ಆರ್ಸುದ್ರೆ ಉಳಿದ ಹತ್ತು ಎದ್ದು ಕಾಣ್ತವಲ್ಲ."

ಅವ್ವ ಕಂಡ ದಾರಿ

ಅಂದು ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ, ನನ್ನ ಕೈಲಿ ಆಗಲ್ಲ ಅಂತ. ಹೇಳುವಾಗ ಅವಳ ಮುಖ ನೋಡಲಿಲ್ಲ. ಅಪ್ಪ ಹೋದ ಹೊಸತರಲ್ಲಿ ಅವಳು ಕಿಟಕಿಯ ಹತ್ತಿರ ಕೂತಿರುತ್ತಿದ್ದದ್ದೇ ಕಣ್ಣ ಮುಂದೆ ಬರುತ್ತಿತ್ತು. ಅವ್ವ ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಕೇಳಿದಳು.

"ಅವ್ರಿಗೆ ಬೆಳಕು ಬೇಕಾ, ಹೆಸ್ರು ಬೇಕಾ?"

"ಹೆಸ್ರು ಕಾಣ್ಬೇಕು ಅಂತಾರೆ."

"ಕಾಣದೇ ಯಾಕಾಗ್ಬೇಕು? ಕೇಳುದ್ರೆ ಆಗಕಿಲ್ವಾ?"

ಮರುದಿನ ಭಜನೆಗೆ ಅವ್ವ ಹಜಾರದ ಎಲ್ಲಾ ಟ್ಯೂಬು ಆರಿಸಿ, ಪಟದ ಮುಂದೆ ಎಣ್ಣೆ ದೀಪ, ಬಾಗಿಲಿಗೆ ಒಂದು ಬಲ್ಬು ಮಾತ್ರ ಉಳಿಸಿದಳು. ಬೀದಿಯ ಜನ ಸಿಟ್ಟಿನಿಂದಲೇ ಬಂದು ನಿಂತರು. ಮೊದಲ ಭಜನೆ ಮುಗಿಯುತ್ತಿದ್ದ ಹಾಗೆ ಅವ್ವ ತಾಳ ನಿಲ್ಲಿಸದೆ, ಅದೇ ಧಾಟಿಯಲ್ಲಿ, ಕಿರಾಣಿ ಅಂಗಡಿಯವರ ತಂದೆಯ ಹೆಸರೆತ್ತಿ, ಅವರ ದೀಪದ ಸೇವೆಯನ್ನು ಒಪ್ಪಿಕೋ ರಾಮ ಅಂತ ಹಾಡಿದಳು. ಉಳಿದ ಆರು ಹೆಂಗಸರು ಅದನ್ನೇ ಎರಡು ಸಲ ಹೇಳಿದರು. ಹೀಗೆ ಹನ್ನೊಂದು ಹೆಸರು, ಒಂದನ್ನೂ ಬಿಡದೆ.

ಅಂಗಡಿಯವರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. "ಟ್ಯೂಬ್ಗೆ ಬರೀ ಹುಳ ಮುತ್ತತಿದ್ವು. ಇವತ್ತು ನಮ್ಮಪ್ಪನ ಹೆಸ್ರು ಕೆಂಗಲ್ ಹನುಮಂತರಾಯನ ಗುಡಿವರ್ಗೂ ಕೇಳಿರ್ತದೆ" ಅಂದರು.

ಅವತ್ತಿನಿಂದ ಟ್ಯೂಬು ಹಚ್ಚಿ ಅಂದವರಿಲ್ಲ. ಹೆಸರು ಕೇಳಲು ಮನೆಮಂದಿಯೆಲ್ಲ ಬರತೊಡಗಿದರು, ಖಾಲಿ ಹಜಾರ ತುಂಬಿತು. ರಾಮನವಮಿಯ ಹೊತ್ತಿಗೆ ಬಿಲ್ಲು ಅರ್ಧವಲ್ಲ, ಕಾಲು ಭಾಗಕ್ಕೆ ಬಂದಿತ್ತು. ಅಧ್ಯಕ್ಷರು ಮಾತಿಗೆ ತಪ್ಪುವವರಲ್ಲ. ಭಜನೆ ನಡೆಯಲಿ ಅಂದರು. ಅವ್ವ ಬೀದಿಯಲ್ಲಿ ನಿಂತು ಜನರ ಜೊತೆ ಹರಟೆ ಹೊಡೆಯುವುದನ್ನು ನಾನು ಎಷ್ಟೋ ವರ್ಷದ ಮೇಲೆ ಅಂದು ನೋಡಿದೆ.

ಆದರೆ ಒಂದು ಹೊಸ ತಾಪತ್ರಯ ಶುರುವಾಯಿತು. ಹೆಸರು ಹಾಡುವುದು ಕೇಳಿ ಬೇರೆ ಬೀದಿಯವರೂ ಟ್ಯೂಬ್‌ಲೈಟ್ ಹಿಡಿದುಕೊಂಡು ಬರತೊಡಗಿದರು. ಒಬ್ಬ ಲಾರಿ ಮಾಲೀಕರಂತೂ ಅವ್ವನ ಮುಂದೆ ಕೈಕಟ್ಟಿ ನಿಂತು ಕೇಳಿದರು: "ಅವ್ವ, ನಂದೂ ಒಂದು ಟ್ಯೂಬ್ ಇರ್ಲಿ. ಹಚ್ಚದೇನ್ ಬ್ಯಾಡ."

ಚೆಕ್ಕಿಂಗ್

ವರ್ಷ ಕಳೆಯುವುದರಲ್ಲಿ ಹನ್ನೊಂದು ಇದ್ದದ್ದು ಮೂವತ್ತಾಯಿತು. ಗೋಡೆ ತುಂಬಿ, ತೊಲೆಗೂ ಕಟ್ಟಿದ್ದರು. ಬಿಲ್ಲು ಮಾತ್ರ ಇಳಿದದ್ದು ಏರಲಿಲ್ಲ. ಇದು ದೊಡ್ಡ ಆಫೀಸಿನ ಯಾರ ಕಣ್ಣಿಗೋ ಬಿತ್ತು. ಮೂವತ್ತು ಟ್ಯೂಬ್‌ಲೈಟಿರುವ ಕಟ್ಟಡ, ಯೂನಿಟ್ ನೋಡಿದರೆ ಒಂದು ಗುಡಿಸಲಿನಷ್ಟು. ಅದೇ ಬೀದಿಯಲ್ಲಿ ಮೀಟರ್ ರೀಡರನ ಮನೆ, ಭಜನೆ ಮಾಡುವವಳು ಅವನ ತಾಯಿ. ಇನ್ನೇನು ಬೇಕು? ಕರೆಂಟ್ ಕಳ್ಳತನ ಅಂತ ತೀರ್ಮಾನ ಮಾಡಿಕೊಂಡೇ ಚೆಕ್ಕಿಂಗ್ ಜೀಪು ಬಂತು.

ಸಂಜೆ ಏಳರ ಹೊತ್ತು, ಭಜನೆ ನಡೆಯುತ್ತಿತ್ತು. ಸಾಹೇಬರು ನನ್ನನ್ನು ಮನೆಯಿಂದ ಕರೆಸಿ ಹಜಾರದಲ್ಲಿ ನಿಲ್ಲಿಸಿದರು. ಸುತ್ತ ದಾನಿಗಳೆಲ್ಲ ಕೂತಿದ್ದರು.

"ಮೀಟರಿಗೆ ಏನ್ರೀ ಮಾಡಿದೀರಿ? ನಿಜ ಹೇಳಿ. ಇಲ್ಲಾಂದ್ರೆ ಈಗಲೇ ಲೈನ್ ಕಟ್, ಮಂದಿರಕ್ಕೆ ಸೀಲ್. ನಿಮ್ಮ ಕೆಲಸಾನೂ ಹೋಗುತ್ತೆ."

"ಹೂವು ಮುಡ್ಸಿದೀವಿ, ಇನ್ನೇನೂ ಮಾಡಿಲ್ಲ ಸಾರ್" ಅಂದೆ. ನನ್ನ ಕೆಲಸಕ್ಕಿಂತ ಹೆಚ್ಚಾಗಿ ಸೀಲು ಅನ್ನುವ ಮಾತಿಗೆ ಅವ್ವನ ಕೈಯ ತಾಳ ನಿಂತದ್ದು ನನಗೆ ಹೆದರಿಕೆ ತಂದಿತು.

"ಮೂವತ್ತು ಟ್ಯೂಬ್ ಇದೆ. ಯಾಕೆ ಹಚ್ಚಿಲ್ಲ?"

ಅವ್ವ ಹೇಳಿದಳು: "ಅವು ಹಚ್ಚಕ್ಕಲ್ಲ ಕಣಪ್ಪ, ಹಾಡಕ್ಕೆ."

ಸಾಹೇಬರಿಗೆ ಇನ್ನಷ್ಟು ಅನುಮಾನ ಬಂತು. ನಾವು ಬರುವುದು ಗೊತ್ತಾಗಿ ಆರಿಸಿದ್ದೀರಿ ಅಂದರು. ಎಲ್ಲಾ ಸ್ವಿಚ್ಚೂ ಒಟ್ಟಿಗೆ ಹಾಕಿ, ಮೀಟರ್ ಎಷ್ಟು ಜೋರಾಗಿ ತಿರುಗುತ್ತದೋ ನೋಡೋಣ ಅಂತ ಲೈನ್‌ಮನ್‌ಗೆ ಹುಕುಂ ಮಾಡಿದರು. ಆಗ ದಾನಿಗಳ ನಡುವೆ ಗುಸುಗುಸು ಎದ್ದಿತು. ಲಾರಿ ಮಾಲೀಕರು ಎದ್ದು ನಿಂತು, "ಪೂಜೆ ಟೈಮಲ್ಲಿ ಯಾಕೆ ಸಾರ್ ಇದೆಲ್ಲ, ನಾಳೆ ನೋಡಾನ" ಅಂದರು. ಅಧ್ಯಕ್ಷರು ಬೆವರು ಒರೆಸಿಕೊಳ್ಳತೊಡಗಿದರು. ಇವರಿಗೆ ಯಾಕೆ ಗಾಬರಿ ಅಂತ ನನಗೆ ಅರ್ಥವಾಗಲಿಲ್ಲ.

ಲೈನ್‌ಮನ್ ಇದ್ದ ಸ್ವಿಚ್ಚೆಲ್ಲ ಹಾಕಿದ. ಹತ್ತು ಟ್ಯೂಬು ಹತ್ತಿಕೊಂಡವು. ಎಲ್ಲವೂ ಹಳೆಯವು. ಮಿಕ್ಕ ಇಪ್ಪತ್ತು ಮಿಣಕ್ ಅನ್ನಲಿಲ್ಲ.

ಸಾಹೇಬರು ತಾವೇ ಸ್ಟೂಲ್ ಹತ್ತಿದರು. ಟ್ಯೂಬು ಕೂರಿಸಿದ್ದ ಒಂದು ಪಟ್ಟಿ ಬಿಚ್ಚಿದರೆ ಒಳಗೆ ಚೋಕಿಲ್ಲ. ಇನ್ನೊಂದಕ್ಕೆ ಸ್ಟಾರ್ಟರಿಲ್ಲ. ಲಾರಿ ಮಾಲೀಕರದ್ದಕ್ಕೆ ವೈರೇ ಇರಲಿಲ್ಲ, ಪಟ್ಟಿಯನ್ನು ದಾರದಲ್ಲಿ ಕಟ್ಟಿದ್ದರು. ಹೇಗೂ ಹಚ್ಚುವುದಿಲ್ಲವಲ್ಲ ಅಂತ ಒಬ್ಬೊಬ್ಬರೂ ಅಂಗಡಿಯಿಂದ ಸುಟ್ಟ ಟ್ಯೂಬು ಆರಿಸಿ ತಂದು ಹೆಸರು ಬರೆಸಿದ್ದರು. ಹನ್ನೊಂದು ಹಳೆಯದರಲ್ಲಿ ಹತ್ತಿಕೊಳ್ಳದ ಒಂದು ಅಧ್ಯಕ್ಷರದು. ಉರಿಯುವ ಟ್ಯೂಬನ್ನು ಕಾರ್ಖಾನೆಗೆ ಒಯ್ದು, ಅಲ್ಲಿಯ ಸುಟ್ಟದ್ದನ್ನು ತಂದು, ಅದೇ ಹೆಸರು ಅದೇ ಬಣ್ಣದಲ್ಲಿ ಬರೆಸಿ ಇಟ್ಟಿದ್ದರು. ಹಜಾರದಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೊದಲು ನಕ್ಕದ್ದು ಅವ್ವ. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಆಮೇಲೆ ಉಳಿದ ಹೆಂಗಸರು, ಆಮೇಲೆ ಇಡೀ ಹಜಾರ. ಸಾಹೇಬರು ಸ್ಟೂಲಿನ ಮೇಲೆ ನಿಂತೇ ನಗುತ್ತಿದ್ದರು. ಮೀಟರ್ ಸರಿಯಿದೆ, ಕಳ್ಳತನ ಇಲ್ಲ ಅಂತ ಬರೆದುಕೊಟ್ಟರು. ಜೀಪು ಹತ್ತುವ ಮುಂಚೆ ವಾಪಸ್ ಬಂದು, ಅವ್ವನ ಹತ್ತಿರ ಕೂತು, ಮೆಲ್ಲಗೆ ಕೇಳಿದರು: "ಅಮ್ಮ, ನಮ್ಮ ತಾಯಿ ಹೋಗಿ ಆರು ತಿಂಗಳಾಯ್ತು. ಅವರ ಹೆಸರಲ್ಲಿ ಒಂದು ಟ್ಯೂಬ್‌ಲೈಟ್ ಕೊಡಲಾ?"

ಅವ್ವ ಅವರ ತಲೆ ಸವರಿದಳು. "ತಂದ್ಕೊಡು ಮಗ. ನಿಮ್ಮವ್ವನ ಹೆಸ್ರು ನಾನ್ ಹಾಡ್ತೀನಿ. ಉರಿಯೋದ್ ಮಾತ್ರ ತರ್ಬ್ಯಾಡ."

ಅವ್ವ ಈಗಿಲ್ಲ. ಅವಳ ತಿಥಿ ಮುಗಿದ ಮರುದಿನ ನಾನು ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಒಂದು ಟ್ಯೂಬ್‌ಲೈಟ್ ಕೊಡಪ್ಪ ಅಂದೆ. ಅಂಗಡಿಯವನು ಒಂದನ್ನು ತೆಗೆದು, ಎಂದಿನ ಹಾಗೆ, "ಉರ್ಸಿ ತೋರಿಸ್ಲಾ ಸಾರ್?" ಅಂತ ಬೋರ್ಡಿನ ಕಡೆ ತಿರುಗಿದ.

"ಬೇಡ ಕಣಯ್ಯ" ಅಂದೆ, "ಸುಟ್ಟು ಹೋಗಿರೋದು ಇದ್ರೆ ಕೊಡು. ನಮ್ಮವ್ವನ ಹೆಸರು ಬರೆಸ್ಬೇಕು."